ಗದುಗಿನ ಪುಣ್ಯಾಶ್ರಮದಲ್ಲಿ ಕಲಿತವರು: ಹೆಸರು ಉಳಿಯದ ಗವಾಯಿಗಳ ಬದುಕನ್ನು ಬರೆದಿಡೋಣವೇ?

ಬೆಟಗೇರಿ ಕೇಳುಗ

ಜೂನ್ ಬಂದರೆ ಪಂಚಾಕ್ಷರಿ ಗವಾಯಿಗಳ ಸ್ಮರಣೆ, ಸೆಪ್ಟೆಂಬರ್ ಬಂದರೆ ಪುಟ್ಟರಾಜ ಗವಾಯಿಗಳ ಸ್ಮರಣೆ. ಗುರುಗಳು ಲಿಂಗೈಕ್ಯರಾದದ್ದು 1944ರ ಜೂನ್ 11ರಂದು, ಶಿಷ್ಯರು 2010ರ ಸೆಪ್ಟೆಂಬರ್ 17ರಂದು. ಎರಡೂ ಹೊತ್ತಿನಲ್ಲಿ ಪತ್ರಿಕೆಗಳು ಪುಟ ತುಂಬಾ ಬರೆಯುತ್ತವೆ, ಬರೆಯಲೇಬೇಕು. ಆದರೆ ಆ ಪುಟಗಳಲ್ಲಿ ಬರುವ ಶಿಷ್ಯರ ಹೆಸರುಗಳು ಬೆರಳೆಣಿಕೆಯಷ್ಟು. ವೀರೇಶ್ವರ ಪುಣ್ಯಾಶ್ರಮದಲ್ಲಿ ಉಂಡು, ಕಲಿತು, ಹೊರಬಿದ್ದು, ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಹೋಗಿ ಹಾಡಿದವರು ಎಷ್ಟು ಮಂದಿ! ಅವರ ಬದುಕನ್ನು ಬರೆದಿಟ್ಟವರು ಯಾರು?

ಈ ಪರಂಪರೆಯ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಕಣ್ಣಿರಲಿಲ್ಲ, ಅಣ್ಣನಿಗೂ ಇರಲಿಲ್ಲ. ಹಾನಗಲ್ ಕುಮಾರ ಶಿವಯೋಗಿಗಳು ಈ ಹುಡುಗರ ಕಂಠವನ್ನು ಗುರುತಿಸಿ ಕರೆದುಕೊಂಡು ಹೋದರು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಆಮೇಲೆ ನೀಲಕಂಠ ಬುವಾ ಮೀರಜಕರರ ಬಳಿ ಗ್ವಾಲಿಯರ್ ಶೈಲಿಯ ಹಿಂದೂಸ್ತಾನಿ ಗಾಯನ. ಎರಡನ್ನೂ ಅರಗಿಸಿಕೊಂಡ ಗದಿಗೆಯ್ಯ ಪಂಚಾಕ್ಷರಿ ಗವಾಯಿಗಳಾದರು. 1914ರಲ್ಲಿ ಶುರುವಾದ ಅವರ ಪಾಠಶಾಲೆಗೆ ಮೊದಲು ಕಟ್ಟಡವೇ ಇರಲಿಲ್ಲ. ಗುರು, ಮಕ್ಕಳು, ವಾದ್ಯಗಳು ಎಲ್ಲ ಸೇರಿ ಊರಿಂದೂರಿಗೆ ಸಾಗುತ್ತಿದ್ದ ಸಂಚಾರಿ ಶಾಲೆ ಅದು. ಭಕ್ತರು ಜೋಳಿಗೆಗೆ ಹಾಕಿದ್ದರಲ್ಲೇ ಊಟ. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ಸಿಕ್ಕದ್ದು ಆಮೇಲೆ, ಬಸರಿಗಿಡದ ವೀರಪ್ಪನವರ ನೆರವಿನಿಂದ.

ನಿಮ್ಮ ಊರಿನಲ್ಲಿ, ನಿಮ್ಮ ಮನೆಯಲ್ಲಿ ಆಶ್ರಮದಲ್ಲಿ ಕಲಿತವರಿದ್ದರೆ ಅವರ ವಿಷಯ ಇಲ್ಲಿ ಬರೆಯಿರಿ. ಬದುಕಿರುವವರ ಹೆಸರು ಹಾಕುವ ಮುನ್ನ ಅವರನ್ನು ಅಥವಾ ಮನೆಯವರನ್ನು ದಯವಿಟ್ಟು ಕೇಳಿ.

ಕನ್ನಡ ಶಾಲೆಯ ಅಕ್ಕ

ನಮ್ಮ ತಂದೆ ಆಶ್ರಮದಲ್ಲಿ ಕಲಿತವರು. ಹೆಸರು ಈಗಲೇ ಬೇಡ, ಅಣ್ಣಂದಿರನ್ನು ಕೇಳಿ ಹೇಳುತ್ತೇನೆ. ಅವರಿಗೆ ಕಣ್ಣಿತ್ತು. ಆಶ್ರಮದಲ್ಲಿ ಅಂಧ ಮಕ್ಕಳಷ್ಟೇ ಇದ್ದರು ಎಂದು ಬಹಳ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ಮನೆಯಲ್ಲಿ ಉಣ್ಣಲು ಗತಿಯಿಲ್ಲದ, ತಂದೆ ತಾಯಿ ಇಲ್ಲದ ಮಕ್ಕಳಿಗೂ ಅಲ್ಲಿ ಜಾಗವಿತ್ತು. ಜಾತಿ ಕೇಳುತ್ತಿರಲಿಲ್ಲ, ಶುಲ್ಕ ಕೇಳುತ್ತಿರಲಿಲ್ಲ.

ಶ್ರಾವಣ ಬಂದರೆ ತಂದೆ ಮನೆಯಲ್ಲಿ ಇರುತ್ತಿರಲಿಲ್ಲ. ಒಂದು ತಿಂಗಳು ಯಾವುದಾದರೂ ಊರಿನ ಮಠದಲ್ಲಿ ಪುರಾಣ. ಬಸವ ಪುರಾಣ, ಶರಣಬಸವೇಶ್ವರ ಪುರಾಣ, ಗುಡ್ಡಾಪುರ ದಾನಮ್ಮನ ಪುರಾಣ, ಆ ಊರಿನವರು ಯಾವುದನ್ನು ಹಚ್ಚಿಸಿದ್ದರೋ ಅದು. ಶಾಸ್ತ್ರಿಗಳು ಅರ್ಥ ಹೇಳುವವರು, ತಂದೆ ಪದ್ಯ ಹಾಡುವವರು, ಪಕ್ಕದಲ್ಲಿ ತಬಲಾ. ಹೊತ್ತು ಮುಳುಗಿದ ಮೇಲೆ ಯಮನ್‌ನಲ್ಲಿ ಶುರು ಮಾಡಿದರೆ ಕಥೆ ನಡೆದಂತೆ ಬಾಗೇಶ್ರೀ, ಮಾಲಕಂಸ್, ಕಡೆಗೆ ಮಂಗಳಕ್ಕೆ ಭೈರವಿ. ತೊಟ್ಟಿಲು ಹಾಕುವ ದಿನ ಕೂಸಿನ ಹೆಸರಿಡುವ ಪದ್ಯಕ್ಕೆ ಯಾವ ರಾಗ ಹಚ್ಚಬೇಕೆಂದು ಬೆಳಿಗ್ಗೆಯಿಂದ ಗುನುಗುತ್ತ ಇರುತ್ತಿದ್ದರಂತೆ. ಕೇಳುವವರು ಹೊಲದಿಂದ ಬಂದವರು. ಅವರಿಗೆ ರಾಗದ ಹೆಸರು ಬೇಕಿರಲಿಲ್ಲ. ಆದರೆ ಸ್ವರ ಒಂದು ಕೂದಲೆಳೆ ತಪ್ಪಿದರೂ ತಿಳಿಯುತ್ತಿತ್ತು ಎಂದು ತಂದೆ ಹೇಳುತ್ತಿದ್ದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಮಾಲಕಂಸ್ ಕೇಳಿಸಿದವರು ಇವರು. ಇದು ಸಂಗೀತದ ಇತಿಹಾಸದಲ್ಲಿ ಬರಬೇಕೋ ಬೇಡವೋ?

ಧಾರವಾಡ ಮಾಳಮಡ್ಡಿ

ಬರಬೇಕು ಅಕ್ಕ, ಅನುಮಾನವೇ ಇಲ್ಲ. ಆದರೂ ದೊಡ್ಡವರನ್ನು ಬಿಟ್ಟು ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಅವರ ಬದುಕೂ ನಮಗೆ ಸರಿಯಾಗಿ ಗೊತ್ತಿಲ್ಲ. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರುಗಳನ್ನೇ ತೆಗೆದುಕೊಳ್ಳಿ. ಯಲಿವಾಳದ ಹುಡುಗ. ತಂದೆ ಕರ್ನಾಟಕ ಸಂಗೀತ ಬಲ್ಲವರು. ಹುಡುಗನಿಗೆ ನಾಟಕ ಕಂಪನಿಯ ಹುಚ್ಚು. ವಾಮನರಾವ್ ಮಾಸ್ತರರ ಕಂಪನಿಗೂ ಹೋಗಿ ಬಂದರು. ಹದಿಮೂರರ ವಯಸ್ಸಿಗೆ ತಂದೆ ಹೋದರು. ಆಗ ಕೈ ಹಿಡಿದವರು ಪಂಚಾಕ್ಷರಿ ಗವಾಯಿಗಳು.

1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರು ವರ್ಷದ ಉತ್ಸವ. ರಾಜಗುರುಗಳ ಮೊದಲ ದೊಡ್ಡ ಕಛೇರಿ ಅದು. ಪಕ್ಕದಲ್ಲಿ ತಬಲಾ ನುಡಿಸಲು ಕೂತವರು ಯಾರು? ಸ್ವತಃ ಪಂಚಾಕ್ಷರಿ ಗವಾಯಿಗಳು. ಶಿಷ್ಯ ಹಾಡಬೇಕು, ಗುರು ಸಾಥ್ ಕೊಡಬೇಕು. ಅಷ್ಟು ದೊಡ್ಡ ಸಭೆಯಲ್ಲಿ ಹುಡುಗ ಲಯ ತಪ್ಪಿದರೆ ಎತ್ತಿ ಹಿಡಿಯುವ ಕೈ ಗುರುವಿನದೇ ಇತ್ತು. ಇಂಥದ್ದು ನನಗೆ ಬೇರೆ ಕಡೆ ಕೇಳಿ ಗೊತ್ತಿಲ್ಲ.

ಗುರುಗಳು ಹೋದ ಮೇಲೆ ರಾಜಗುರುಗಳು ಮುಂಬೈ ಕಡೆ ತಿರುಗಿದರು. ಸವಾಯಿ ಗಂಧರ್ವರು, ಸುರೇಶಬಾಬು ಮಾನೆ, ನೀಲಕಂಠ ಬುವಾ, ಹೀಗೆ ಸಿಕ್ಕವರೆಲ್ಲರಿಂದ ಕಲಿತರು. ಖಯಾಲ್, ಠುಮ್ರಿ, ನಾಟ್ಯಗೀತೆ, ವಚನ, ಗಜಲ್, ಯಾವುದನ್ನು ಕೇಳಿದರೂ ಸಿದ್ಧ. ಗಂಟಲಿನ ವಿಷಯದಲ್ಲಿ ಅವರ ಕಟ್ಟುನಿಟ್ಟು ಧಾರವಾಡದಲ್ಲಿ ಇಂದಿಗೂ ಮಾತಿಗೆ ಬರುತ್ತದೆ. ಪರ ಊರಿಗೆ ಹೋದರೆ ಕುಡಿಯುವ ನೀರು ಜೊತೆಗೇ ಇರಬೇಕು. 1991ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಹೋದರು. ಗಣಪತಿ ಭಟ್ ಹಾಸಣಗಿ, ಪರಮೇಶ್ವರ ಹೆಗಡೆ ಇಬ್ಬರೂ ಅವರ ಶಿಷ್ಯರು. ಅಂದರೆ ಗದುಗಿನ ಜೋಳಿಗೆಯ ಅನ್ನದ ಋಣ ಉತ್ತರ ಕನ್ನಡದ ಗಾಯಕರವರೆಗೂ ಹರಿದಿದೆ.

ಹೊಸ ಸದಸ್ಯ, ಬೆಂಗಳೂರು

ಭೀಮಸೇನ ಜೋಶಿಯವರೂ ಗದುಗಿನವರಲ್ಲವೇ? ಅವರ ಹೆಸರು ಯಾರೂ ಎತ್ತಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು?

ಧಾರವಾಡ ಮಾಳಮಡ್ಡಿ

ಭೀಮಸೇನರು ಗದುಗಿನ ನೆಲದವರು ನಿಜ, ಹುಟ್ಟಿದ್ದು ರೋಣದಲ್ಲಿ. ಆದರೆ ಆಶ್ರಮದ ಶಿಷ್ಯರಲ್ಲ. ಅವರ ಗುರು ಕುಂದಗೋಳದ ಸವಾಯಿ ಗಂಧರ್ವರು. ಮನ್ಸೂರರ ನಂಟು ಬೇರೆ ಬಗೆಯದು. ಅವರೂ ಮೊದಲು ನೀಲಕಂಠ ಬುವಾ ಅವರ ಬಳಿ ಕಲಿತವರು, ಹಾಗಾಗಿ ಪಂಚಾಕ್ಷರಿ ಗವಾಯಿಗಳಿಗೆ ಗುರುಬಂಧು. ಆಮೇಲೆ ಮಂಜೀಖಾನರು, ಭುರ್ಜೀಖಾನರು ಸಿಕ್ಕಿ ಜೈಪುರ ಘರಾಣೆಯ ಕಡೆ ಹೋದರು. ಆಶ್ರಮಕ್ಕೆ ಇಲ್ಲದ ಹೆಸರು ಸೇರಿಸಿ ಅದನ್ನು ದೊಡ್ಡದು ಮಾಡಬೇಕಾಗಿಲ್ಲ. ಇರುವುದೇ ಬೇಕಾದಷ್ಟಿದೆ.

ತಬಲಾ ಸಾಥ್

ಅಕ್ಕನ ಮಾತು ಓದಿ ತಡೆಯಲಾಗಲಿಲ್ಲ. ಪುರಾಣಕ್ಕೆ ನಾನೂ ತಬಲಾ ನುಡಿಸುತ್ತೇನೆ. ನನ್ನ ಗುರುಗಳು ಆಶ್ರಮದಲ್ಲಿ ಕಲಿತವರು, ಹುಟ್ಟಿನಿಂದ ಕಣ್ಣಿಲ್ಲದವರು.

ಪುರಾಣದ ಪದ್ಯಕ್ಕೆ ತಬಲಾ ಹೊಂದಿಸುವುದನ್ನು ಅವರು ಕಲಿಸಿದ ಬಗೆ ಹೇಳುತ್ತೇನೆ, ಇದನ್ನು ಯಾವ ಪುಸ್ತಕವೂ ನನಗೆ ಹೇಳಿಲ್ಲ. ಭಾಮಿನಿ ಷಟ್ಪದಿ ಮೂರು ನಾಲ್ಕು, ಮೂರು ನಾಲ್ಕು ಎಂದು ನಡೆಯುತ್ತದೆ. ಕೂಡಿದರೆ ಏಳು. ರೂಪಕ್ ತಾಲವೂ ಏಳು ಮಾತ್ರೆಯದೇ, ತೀ ತೀ ನಾ, ಧೀ ನಾ ಧೀ ನಾ. ಪದ್ಯ ತಾನಾಗಿ ಬಂದು ತಾಲದ ಮೇಲೆ ಕೂರುತ್ತದೆ. ವಾರ್ಧಕ ಷಟ್ಪದಿ ಐದೈದರ ನಡೆ, ಅದಕ್ಕೆ ಹತ್ತು ಮಾತ್ರೆಯ ಝಪ್‌ತಾಲ. ಗುರುಗಳು ಮೊದಲು ತಬಲಾ ಮುಟ್ಟಲು ಬಿಡುತ್ತಿರಲಿಲ್ಲ. ಪದ್ಯವನ್ನು ಬಾಯಲ್ಲಿ ಹೇಳಿಸಿ, ತೊಡೆಯ ಮೇಲೆ ತಟ್ಟಿಸಿ, ಎಲ್ಲಿ ಉಸಿರು ತೆಗೆಯುತ್ತೀ ಎಂದು ಕೇಳುತ್ತಿದ್ದರು. ಆಮೇಲೆ ನನ್ನ ಬೆರಳು ಹಿಡಿದು ಚಾಟಿಯ, ಅಂದರೆ ತಬಲಾದ ಅಂಚಿನ ಮೇಲೆ ಇಡುತ್ತಿದ್ದರು. ಅವರಿಗೂ ಆಶ್ರಮದಲ್ಲಿ ಹಾಗೆಯೇ ಕಲಿಸಿದ್ದರು, ಮೊದಲು ನಾಲಿಗೆ, ಆಮೇಲೆ ಕೈ. ಕಾಣದವರು ಕಾಣದವರಿಗೆ ಕಲಿಸುವಾಗ ಬೇರೆ ದಾರಿಯೇ ಇಲ್ಲ. ಕಣ್ಣಿರುವ ನನಗೂ ಆ ದಾರಿಯಿಂದಲೇ ಲಯ ಒಲಿಯಿತು.

ಬೆಟಗೇರಿಯ ಅರ್ಜುನಸಾ ನಾಕೋಡರು ಪಂಚಾಕ್ಷರಿ ಗವಾಯಿಗಳ ಶಿಷ್ಯರು, ಗ್ವಾಲಿಯರ್ ಗಾಯಕರು. ಅವರ ಮಗ ರಘುನಾಥ ನಾಕೋಡರು ತಬಲಾದಲ್ಲಿ ಹೆಸರಾದರು. ಗಾಯಕರ ಮನೆಯಿಂದ ತಬಲಾ ಬಂದದ್ದು ನನಗೆ ಹೆಮ್ಮೆ. ಆದರೆ ಸಾಥ್ ಕೊಡುವವರ ಬದುಕನ್ನು ಯಾರೂ ಕೇಳುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಶಾಲು ಮೊದಲು ಶಾಸ್ತ್ರಿಗಳಿಗೆ, ಆಮೇಲೆ ಗವಾಯಿಗಳಿಗೆ, ಕೊನೆಗೆ ಶಾಲು ಉಳಿದಿದ್ದರೆ ನಮಗೆ. ನಮ್ಮ ಗುರುಗಳ ಒಂದು ಭಾವಚಿತ್ರವೂ ಯಾರ ಬಳಿಯೂ ಇಲ್ಲ.

ಹಾನಗಲ್ ಭಕ್ತ

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಆದರೆ ಈ ಚರ್ಚೆಯ ತಲೆಬರಹ ನನಗೆ ಹಿಡಿಸಲಿಲ್ಲ. ದೊಡ್ಡವರನ್ನು ನೆನೆದದ್ದು ಹೆಚ್ಚಾಯಿತು ಎನ್ನುವ ಧಾಟಿ ಅದರಲ್ಲಿದೆ. ನನ್ನ ಮಟ್ಟಿಗೆ ಪುಟ್ಟಯ್ಯಜ್ಜನವರನ್ನು, ಅಂದರೆ ಪುಟ್ಟರಾಜ ಗವಾಯಿಗಳನ್ನು ನೆನೆದದ್ದು ಇನ್ನೂ ಸಾಲದು.

1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ಹುಟ್ಟಿದವರು. ಎಳವೆಯಲ್ಲೇ ಕಣ್ಣು ಹೋಯಿತು. ಸೋದರಮಾವ ಸಾಕಿದರು. 1944ರಲ್ಲಿ ಗುರುಗಳು ಹೋದಾಗ ಕೈಯಲ್ಲಿ ಇದ್ದದ್ದು ಹಸಿದ ಮಕ್ಕಳ ಹಿಂಡು. ಆಗ ಅವರು ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರಿ ಗವಾಯಿಗಳ ನಾಟ್ಯ ಸಂಘವನ್ನು ಬೆಳೆಸಿದರು. ನಾಟಕಗಳನ್ನು ತಾವೇ ಬರೆದರು, ತಾವೇ ರಾಗ ಹಚ್ಚಿದರು. ಟಿಕೆಟ್ಟಿನ ದುಡ್ಡು ಆಶ್ರಮದ ಹಂಡೆಗೆ ಅಕ್ಕಿಯಾಗಿ ಬಂತು. ಆಮೇಲೆ ಊರೂರಿನಲ್ಲಿ ತುಲಾಭಾರ, ಎರಡು ಸಾವಿರಕ್ಕೂ ಹೆಚ್ಚು. ತಕ್ಕಡಿಯ ಒಂದು ಕಡೆ ಅಜ್ಜ, ಇನ್ನೊಂದು ಕಡೆ ನಾಣ್ಯದ ಚೀಲ. ಆ ಚೀಲವೆಲ್ಲ ಮಕ್ಕಳಿಗೆ. ಇದರ ನಡುವೆ ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚನೆ, ಭಗವದ್ಗೀತೆಯನ್ನು ಬ್ರೈಲ್‌ಗೆ ತಂದದ್ದು, ಪಿಟೀಲು, ಸಾರಂಗಿ, ಹಾರ್ಮೋನಿಯಂ, ತಬಲಾ. 2010ರಲ್ಲಿ ಪದ್ಮಭೂಷಣ ಬಂದಾಗ ಅಜ್ಜನವರಿಗೆ ತೊಂಬತ್ತಾರು. ಅದೇ ಸೆಪ್ಟೆಂಬರಿನಲ್ಲಿ ಗದುಗಿನ ಬೀದಿಗಳು ಲಕ್ಷಾಂತರ ಜನರನ್ನು ಕಂಡವು.

ಬೇರನ್ನು ಬಿಟ್ಟು ಎಲೆ ಎಣಿಸಲು ಹೋಗಬೇಡಿ.

ಬೆಟಗೇರಿ ಕೇಳುಗ

ಭಕ್ತರೇ, ನಿಮ್ಮ ಮಾತಿಗೆ ಕೈ ಮುಗಿಯುತ್ತೇನೆ. ಆದರೆ ನೀವು ಬರೆದದ್ದನ್ನೇ ಮತ್ತೊಮ್ಮೆ ನೋಡಿ. ಅಜ್ಜನವರು ತಕ್ಕಡಿಯಲ್ಲಿ ಕೂತದ್ದು ಯಾರಿಗಾಗಿ? ನಾಟಕ ಆಡಿಸಿದ್ದು ಯಾರ ಊಟಕ್ಕಾಗಿ? ಆ ಮಕ್ಕಳು ಮುಂದೆ ಏನಾದರು ಎಂದು ತಿಳಿಯದಿದ್ದರೆ ಅಜ್ಜನವರ ಕೆಲಸದ ಅರ್ಧ ನಮಗೆ ತಿಳಿಯದ ಹಾಗೆಯೇ. ನಾಟ್ಯ ಸಂಘದಲ್ಲಿ ಕಾಲಿನಿಂದ ಗಾಳಿ ಹಾಕುವ ಹಾರ್ಮೋನಿಯಂ ಮುಂದೆ ಕೂತು ರಾತ್ರಿ ಬೆಳಗಾಗುವವರೆಗೆ ನುಡಿಸುತ್ತಿದ್ದ ಪೇಟಿ ಮಾಸ್ತರರು ಯಾರು? ನಟರಿಗೆ ಹಾಡು ಬಾಯಿಪಾಠ ಮಾಡಿಸಿದವರು ಯಾರು? ಗುರುಗಳ ಚರಿತ್ರೆಗೇ ಈ ಹೆಸರುಗಳು ಬೇಕು.

ಬ್ರೈಲ್ ಓದುಗ

ನಾನು ಸಂಗೀತ ಶಿಕ್ಷಕ, ಈಗ ನಿವೃತ್ತ. ಮೊಬೈಲ್ ನನಗೆ ನಿಮ್ಮ ಬರಹಗಳನ್ನೆಲ್ಲ ಓದಿ ಹೇಳುತ್ತದೆ, ಉತ್ತರವನ್ನು ಮೊಮ್ಮಗಳು ಬೆರಳಚ್ಚು ಮಾಡುತ್ತಿದ್ದಾಳೆ. ನಾನು ಕಲಿತದ್ದು ಆಶ್ರಮದಲ್ಲೇ.

ನಸುಕಿನಲ್ಲಿ ಆಶ್ರಮದಲ್ಲಿ ಏನಾಗುತ್ತಿತ್ತು ಎಂಬುದನ್ನು ಹೇಳಬೇಕು. ಒಂದು ಮೂಲೆಯಲ್ಲಿ ಭೈರವ್‌ನ ಷಡ್ಜ ಹಿಡಿದವನು, ಅವನ ಬಗಲಲ್ಲೇ ಪಿಟೀಲು ತೀಡುವವನು, ಜಗಲಿಯಲ್ಲಿ ಮೂವರು ತೀನ್‌ತಾಲದ ಕಾಯ್ದೆ, ಅಂದರೆ ತಬಲಾದ ಸಾಧನೆಯ ಪಾಠ, ಬಡಿಯುವವರು, ಒಬ್ಬೊಬ್ಬರದು ಒಂದೊಂದು ಶ್ರುತಿ. ಆ ಗದ್ದಲದಲ್ಲಿ ನಿಮ್ಮ ಸ್ವರವನ್ನು ನೀವೇ ಹಿಡಿದಿಟ್ಟುಕೊಳ್ಳಬೇಕು. ಅಲ್ಲಿ ಕಲಿತವನ ಶ್ರುತಿ ಯಾವ ಜಾತ್ರೆಯ ಮೈಕಿನ ಮುಂದೆಯೂ ಕದಲುವುದಿಲ್ಲ. ಸಂಗೀತ ಮಹಾವಿದ್ಯಾಲಯದ ಪರೀಕ್ಷೆಗೆ ಓದುವಾಗ ಬ್ರೈಲ್ ಬೇಕಾಯಿತು. ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ ಬಲದಿಂದ ಎಡಕ್ಕೆ ಚುಕ್ಕಿ ಒತ್ತುತ್ತೇವೆ. ಕಾಗದ ಮಗುಚಿದರೆ ಉಬ್ಬಿದ ಚುಕ್ಕಿಗಳನ್ನು ಎಡದಿಂದ ಬಲಕ್ಕೆ ಓದುತ್ತೇವೆ. ರಾಗದಲ್ಲಿ ಕಟ್ಟಿದ ಒಂದು ಹಾಡಿನ, ಅಂದರೆ ಬಂದಿಶ್‌ನ ಸ್ವರಲಿಪಿ ಬರೆದುಕೊಳ್ಳಲು ಒಂದು ಇಡೀ ಮಧ್ಯಾಹ್ನ ಹೋಗುತ್ತಿತ್ತು. ಒಬ್ಬ ಓದಿ ಹೇಳಬೇಕು, ನಾಲ್ಕು ಜನ ಒತ್ತಬೇಕು. ಹಾಗೆ ಬರೆದ ದಪ್ಪ ಕಾಗದದ ಕಟ್ಟುಗಳು ನನ್ನ ಬಳಿ ಈಗಲೂ ಇವೆ. ಬೆರಳಾಡಿಸಿ ಆಡಿಸಿ ಕೆಲವು ಚುಕ್ಕಿಗಳು ಸವೆದಿವೆ.

ಈಗ ನನ್ನ ಒಂದು ತಕರಾರು. ನಮ್ಮ ಬಗ್ಗೆ ಬರೆಯುವವರೆಲ್ಲ ಕತ್ತಲೆ ಬೆಳಕಿನ ಮಾತಿನಲ್ಲೇ ಶುರು ಮಾಡಿ ಅದರಲ್ಲೇ ಮುಗಿಸುತ್ತಾರೆ. ಅವನಿಗೆ ಕಣ್ಣಿರಲಿಲ್ಲ, ಗುರುಗಳು ದಾರಿ ತೋರಿದರು, ಮುಗಿಯಿತು. ಅವನು ಯಾವ ರಾಗವನ್ನು ಬಹಳ ಹಾಡುತ್ತಿದ್ದ? ತಾನ್ ಹೇಗಿತ್ತು? ಹಾರ್ಮೋನಿಯಂನಲ್ಲಿ ಯಾವ ಮನೆಯನ್ನು ಷಡ್ಜ ಮಾಡಿಕೊಳ್ಳುತ್ತಿದ್ದ? ಎಷ್ಟು ಮಕ್ಕಳಿಗೆ ಪಾಠ ಹೇಳಿದ? ಸಂಸಾರ ಹೇಗೆ ನಡೆಸಿದ? ಇದನ್ನು ಕೇಳಿದವರನ್ನು ನಾನು ಕಂಡಿಲ್ಲ. ನನ್ನ ಜೊತೆ ಕಲಿತವರಲ್ಲಿ ಕೆಲವರು ಸರ್ಕಾರಿ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ ಪಿಂಚಣಿ ಪಡೆದರು. ಕೆಲವರು ವರ್ಷವಿಡೀ ಪುರಾಣ, ಭಜನೆ, ಮದುವೆ ಎಂದು ತಿರುಗಿದರು. ಮಳೆ ಹೋದ ವರ್ಷ ಹಳ್ಳಿಗಳಲ್ಲಿ ಪುರಾಣ ಹಚ್ಚಿಸುತ್ತಿರಲಿಲ್ಲ. ಆ ವರ್ಷ ಇವರ ಮನೆಯಲ್ಲೂ ಬರವೇ. ಇಂಥದ್ದನ್ನು ಬರೆಯಿರಿ. ಕಣ್ಣಿನ ಮಾತು ಎರಡು ಸಾಲಿನಲ್ಲಿ ಮುಗಿಯಲಿ, ಸಂಗೀತದ ಮಾತು ಎರಡು ಪುಟ ಬರಲಿ.

ತಬಲಾ ಸಾಥ್

ಸರ್, ನಿಮ್ಮ ಪಾದಕ್ಕೆ ನಮಸ್ಕಾರ. ಆ ಬ್ರೈಲ್ ಕಟ್ಟುಗಳನ್ನು ಯಾರಾದರೂ ಓದಿ ಕನ್ನಡ ಲಿಪಿಗೆ ಇಳಿಸಬೇಕು. ಅದರಲ್ಲಿ ಅಜ್ಜನವರ ಬಾಯಿಂದ ಬಂದ ಬಂದಿಶ್‌ಗಳೇ ಇರಬಹುದಲ್ಲ.

ಬ್ರೈಲ್ ಓದುಗ

ಇವೆ. ನಾನು ಓದಿ ಹೇಳುತ್ತೇನೆ, ಬರೆದುಕೊಳ್ಳುವವರು ಬರಲಿ.

ಬಳ್ಳಾರಿ ಸೀಮೆ

ಬಳ್ಳಾರಿಯ ಕಡೆಯಿಂದಲೂ ಒಂದು ಸಂಗತಿ ಸೇರಲಿ. ಪಂಡಿತ್ ವೆಂಕಟೇಶ ಕುಮಾರರು ಇಂದು ದೇಶವೆಲ್ಲ ಬಲ್ಲ ಗಾಯಕರು, ಪದ್ಮಶ್ರೀ ಪುರಸ್ಕೃತರು. ಅವರ ತಂದೆ ಹುಲೆಪ್ಪನವರು ಜನಪದ ಹಾಡುಗಾರರು. ಹುಡುಗನನ್ನು ಗದುಗಿಗೆ ಕರೆದೊಯ್ದು ಅಜ್ಜನವರ ಮಡಿಲಿಗೆ ಹಾಕಿದವರು ಸೋದರಮಾವ ಬೆಳಗಲ್ಲು ವೀರಣ್ಣನವರು. ವೀರಣ್ಣನವರನ್ನು ಬಳ್ಳಾರಿ ಬಲ್ಲದ್ದು ರಂಗಭೂಮಿಯಿಂದ, ತೊಗಲುಗೊಂಬೆಯಿಂದ. 2023ರಲ್ಲಿ ಅವರು ತೀರಿಕೊಂಡರು. ಹನ್ನೆರಡು ವರ್ಷ ಆಶ್ರಮದಲ್ಲಿ ಕಲಿತ ಆ ಹುಡುಗ ಆಮೇಲೆ ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದರು. ಇವರ ದಾಸರ ಪದವನ್ನೋ ವಚನವನ್ನೋ ಕೇಳುವಾಗ ಅಕ್ಷರಗಳು ಎಷ್ಟು ಬಿಡಿಬಿಡಿಯಾಗಿ, ತುಂಬಿಕೊಂಡು ಬರುತ್ತವೆ ಗಮನಿಸಿ. ಸಾಹಿತ್ಯವನ್ನು ನುಂಗಿ ರಾಗವನ್ನು ಮೆರೆಸುವ ಅಭ್ಯಾಸ ಅಲ್ಲಿಲ್ಲ. ಪುರಾಣ ಕೇಳುವ ಜನರಿಗೆ ಮಾತು ಮುಟ್ಟಬೇಕು ಎಂಬ ಆಶ್ರಮದ ಪಾಠ ಅದು ಎಂದು ನಾನು ನಂಬಿದ್ದೇನೆ. ಅಕ್ಕನ ತಂದೆಯವರ ಪುರಾಣ, ಇವರ ಕಛೇರಿ, ಎರಡಕ್ಕೂ ಅಡಿಪಾಯ ಒಂದೇ.

ದೊಡ್ಡವರು, ಸಣ್ಣವರು ಎಂಬ ಮೇಲಿನ ಜಗಳ ಇಲ್ಲಿಗೆ ಬಿಡೋಣ. ಕರೆದುಕೊಂಡು ಹೋಗಿ ಬಿಟ್ಟ ಸೋದರಮಾವಂದಿರನ್ನೂ ಬರೆಯೋಣ.

ಹಾನಗಲ್ ಭಕ್ತ

ಒಪ್ಪಿದೆ. ಪೇಟಿ ಮಾಸ್ತರರ ವಿಷಯ ಕೇಳಿದ್ದಿರಲ್ಲ. ನಾಟ್ಯ ಸಂಘದಲ್ಲಿ ದುಡಿದ ಒಬ್ಬ ಹಿರಿಯರು ನಮ್ಮ ಪಕ್ಕದ ಊರಿನಲ್ಲಿದ್ದಾರೆ. ನಾಟಕದ ಪದಗಳು ಇನ್ನೂ ಬಾಯಲ್ಲಿವೆ. ಈ ವಾರವೇ ಹೋಗಿ ಮೊಬೈಲಿನಲ್ಲಿ ಹಾಡು, ಮಾತು ಎರಡನ್ನೂ ಹಿಡಿದುಕೊಂಡು ಬರುತ್ತೇನೆ.

ಪತ್ರಾಗಾರದ ತಮ್ಮ

ಹಳೆಯ ಕಾಗದ ಪತ್ರ ಜೋಡಿಸಿಡುವುದು ನನ್ನ ವೃತ್ತಿ. ನೀವೆಲ್ಲ ನೆನಪನ್ನೇ ನೆಚ್ಚಿದ್ದೀರಿ. ನೆನಪು ಬೇಕು, ಆದರೆ ಇಸವಿ ಊರು ಅದರಲ್ಲಿ ನಿಲ್ಲುವುದಿಲ್ಲ. ಒಂದು ಆಧಾರ ನಿಮ್ಮ ಮನೆಗಳಲ್ಲೇ ಬಿದ್ದಿದೆ, ಪುರಾಣದ ಕರಪತ್ರ. ಹಳದಿ, ಗುಲಾಬಿ ಬಣ್ಣದ ತೆಳು ಕಾಗದ. ಮೇಲೆ ಮಠದ ಹೆಸರು, ನಡುವೆ ಸ್ವಾಮಿಗಳ ಚಿತ್ರ, ಕೆಳಗೆ ಪ್ರವಚನಕಾರರು, ಅದರ ಕೆಳಗೆ ಸಂಗೀತ ಸೇವೆ ಯಾರದು, ತಬಲಾ ಸಾಥ್ ಯಾರದು ಎಂದು ಊರಿನ ಸಮೇತ ಅಚ್ಚಾಗಿರುತ್ತದೆ. ಯಾವ ವರ್ಷ, ಎಷ್ಟು ದಿನ, ಯಾವ ಪುರಾಣ ಎಲ್ಲವೂ ಒಂದೇ ಹಾಳೆಯಲ್ಲಿ. ಒಬ್ಬ ಗವಾಯಿಯ ಇಪ್ಪತ್ತು ಕರಪತ್ರ ಸಿಕ್ಕರೆ ಅವರ ಇಪ್ಪತ್ತು ಶ್ರಾವಣಗಳ ಲೆಕ್ಕ ಸಿಕ್ಕ ಹಾಗೆ. ನಾಟಕ ಕಂಪನಿಯ ಹ್ಯಾಂಡ್‌ಬಿಲ್‌ಗಳೂ ಅಷ್ಟೇ. ಅಂಗಡಿಯವರು ಅದರಲ್ಲಿ ಸಕ್ಕರೆ ಕಟ್ಟಿ ಮುಗಿಸುವ ಮುನ್ನ ತೆಗೆದಿಡಿ.

ಫೋಟೊ ತೆಗೆಯುವಾಗ ನೆರಳು ಬೀಳದಂತೆ ಹಗಲು ಬೆಳಕಿನಲ್ಲಿ, ನಾಲ್ಕೂ ಅಂಚು ಕಾಣುವಂತೆ ತೆಗೆಯಿರಿ. ಹಿಂಬದಿಯನ್ನೂ ತೆಗೆಯಿರಿ, ದಾನಿಗಳ ಪಟ್ಟಿ ಅಲ್ಲಿರುತ್ತದೆ. ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಲು ಹೋಗಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಧ್ವನಿ ಮುದ್ರಿಸುವವರು ಶುರುವಿನಲ್ಲೇ ಇಸವಿ, ಊರು, ಹಾಡುವವರ ಹೆಸರನ್ನು ಬಾಯಲ್ಲಿ ಹೇಳಿ. ಕಡತದ ಹೆಸರು ಅಳಿಸಿದರೂ ಅದು ಉಳಿಯುತ್ತದೆ. ಬ್ರೈಲ್ ಸರ್ ಅವರ ಕಟ್ಟುಗಳನ್ನು ದಯವಿಟ್ಟು ಒಂದರ ಮೇಲೊಂದು ಹೇರಿ ಇಡಬೇಡಿ, ಭಾರಕ್ಕೆ ಚುಕ್ಕಿ ಮಟ್ಟಸವಾಗುತ್ತವೆ. ಪುಸ್ತಕದಂತೆ ನಿಲ್ಲಿಸಿ ಇಡಿ. ಬರೆದುಕೊಳ್ಳುವ ಕೆಲಸಕ್ಕೆ ನಾನು ಬರುತ್ತೇನೆ. ಸ್ವರಲಿಪಿ ಬಲ್ಲವರೊಬ್ಬರು ಜೊತೆಗೆ ಬೇಕು.

ಧಾರವಾಡ ಮಾಳಮಡ್ಡಿ

ಸ್ವರಲಿಪಿ ನಾನು ಬರೆದುಕೊಳ್ಳುತ್ತೇನೆ. ದಿನ ಗೊತ್ತು ಮಾಡಿ.

ಕನ್ನಡ ಶಾಲೆಯ ಅಕ್ಕ

ತಂದೆಯ ಟ್ರಂಕು ತೆಗೆಸಿದೆ. ಕರಪತ್ರಗಳು ಬಂದವು, ಕೆಲವನ್ನು ಹುಳ ತಿಂದಿದೆ. ಅಣ್ಣಂದಿರೂ ಹೆಸರು ಹಾಕಲು ಒಪ್ಪಿದರು. ಎಲ್ಲವನ್ನೂ ಫೋಟೊ ತೆಗೆದು ಪತ್ರಾಗಾರದ ತಮ್ಮನಿಗೆ ಕಳುಹಿಸುತ್ತೇನೆ. ಹೆಸರು ಸಮೇತ ಅವರೇ ಪಟ್ಟಿ ಮಾಡಲಿ.

ತಬಲಾ ಸಾಥ್ ಅವರೇ, ನಿಮ್ಮ ಗುರುಗಳು ಯಾವ ಊರಿನವರು? ಈ ಹಾಳೆಗಳಲ್ಲಿ ನಾಲ್ಕೈದು ಕಡೆ ತಂದೆಯ ಹೆಸರಿನ ಕೆಳಗೆ ಒಬ್ಬರದೇ ಹೆಸರು ಮತ್ತೆ ಮತ್ತೆ ಬಂದಿದೆ, ಒಂದರಲ್ಲಿ ಭಾವಚಿತ್ರವೂ ಇದೆ. ಇಲ್ಲಿ ಬೇಡ, ಖಾಸಗಿಯಾಗಿ ಬರೆಯಿರಿ.